ಅಡಿಲೇಡಿನ ಡಾಕ್ಟರ್ ಮನೆ ವೈನು

ಊರಿಂದ ಯಾರೇ ಅಡಿಲೇಡಿಗೆ ಬಂದರೂ ಬೀಚು, ಕಾಂಗರೂ ಆದಮೇಲೆ ನಾವು ಕರೆದುಕೊಂಡು ಹೋಗುವುದು ಮ್ಯಾಗಿಲ್‌ಗೆ. ಸಿಟಿಯಿಂದ ಪೂರ್ವಕ್ಕೆ ಸುಮಾರು 8 ಕಿಲೋಮೀಟರ್, ಬೆಟ್ಟದ ಬುಡದಲ್ಲಿ. ಪೆನ್‌ಫೋಲ್ಡ್ಸ್ ವೈನ್ ಕಂಪನಿ ಹುಟ್ಟಿದ ಜಾಗ. ಒಂದು ಕಾಲದಲ್ಲಿ ದೊಡ್ಡ ಎಸ್ಟೇಟು. 1980ರ ದಶಕದಲ್ಲಿ ಜಾಸ್ತಿ ಜಮೀನು ಸೈಟುಗಳಾಗಿ ಹೋಯಿತು. ಈಗ ಮನೆಗಳ ನಡುವೆ ಒಂದಿಷ್ಟು ದ್ರಾಕ್ಷಿ ಸಾಲು ಉಳಿದಿದೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1844ರಲ್ಲಿ ಇಂಗ್ಲೆಂಡಿನಿಂದ ಬಂದ ಡಾಕ್ಟರ್ ಕ್ರಿಸ್ಟೋಫರ್ ರಾಸನ್ ಪೆನ್‌ಫೋಲ್ಡ್ ಈ ಜಾಗ ಕೊಂಡರು. ಕಲ್ಲಿನ ಪುಟ್ಟ ಮನೆ ಕಟ್ಟಿ ‘ಗ್ರೇಂಜ್’ ಅಂತ ಹೆಸರಿಟ್ಟರು. ಅದು ಇವತ್ತಿಗೂ ಇದೆ. ಮೊದಮೊದಲು ಇಲ್ಲಿನ ವೈನು ಔಷಧಿ. ರಕ್ತ ಕಮ್ಮಿ ಇದ್ದವರಿಗೆ ಟಾನಿಕ್. ಡಾಕ್ಟರೇ ಕೊಟ್ಟರೆ ಬೇಡ ಅನ್ನೋರ್ಯಾರು, ಅಲ್ವಾ? ಅವರು ರೋಗಿಗಳನ್ನು ನೋಡುತ್ತಿದ್ದರೆ ತೋಟ, ವೈನು ನೋಡಿಕೊಂಡವರು ಹೆಂಡತಿ ಮೇರಿ. 1870ರಲ್ಲಿ ಗಂಡ ತೀರಿಕೊಂಡ ಮೇಲೂ 1884ರವರೆಗೆ ಆಕೆಯೇ ನಡೆಸಿದರು. ಹೆಸರು ಮಾತ್ರ ಡಾಕ್ಟರದ್ದೇ ಓಡಿತು. ನನ್ನ ಕೇಳಿದರೆ ಕಂಪನಿ ಕಟ್ಟಿದ್ದು ಮೇರಿ.

ಆದರೆ ಈ ಜಾಗಕ್ಕೆ ಜಗತ್ತಿನಲ್ಲೆಲ್ಲ ಹೆಸರು ಬಂದಿದ್ದು ಮ್ಯಾಕ್ಸ್ ಶೂಬರ್ಟ್ ಅವರಿಂದ. ಹುಡುಗನಾಗಿದ್ದಾಗ ಚೀಟಿ ತಲುಪಿಸುವ ಕೆಲಸಕ್ಕೆ ಸೇರಿ ಮುಖ್ಯ ವೈನ್ ತಯಾರಕರಾದವರು. 1950ರಲ್ಲಿ ಕಂಪನಿ ಅವರನ್ನು ಶೆರಿ ಅನ್ನುವ ಕಡು ವೈನು ಮಾಡುವುದನ್ನು ಕಲಿಯಲು ಯುರೋಪಿಗೆ ಕಳಿಸಿತು. ಅವರು ಹಾಗೇ ಫ್ರಾನ್ಸಿನ ಬೋರ್ಡೋಗೂ ಹೋಗಿ ನಲವತ್ತು ಐವತ್ತು ವರ್ಷದ ಹಳೇ ವೈನುಗಳ ರುಚಿ ನೋಡಿದರು. ನಮ್ಮಲ್ಲೂ ಇಷ್ಟು ಬಾಳುವ ವೈನು ಯಾಕಾಗಬಾರದು ಅಂತ ತಲೆಗೆ ಹೊಕ್ಕಿತು. 1951ರಲ್ಲಿ ಇಲ್ಲಿನ ಶಿರಾಜ್ ದ್ರಾಕ್ಷಿ, ಹೊಸ ಅಮೆರಿಕನ್ ಓಕ್ ಮರದ ಪೀಪಾಯಿ ಹಿಡಿದು, ಡಾಕ್ಟರ್ ಮನೆಯ ಹೆಸರನ್ನೇ ಹೊತ್ತ ಮೊದಲ ಗ್ರೇಂಜ್ ವೈನು ಮಾಡಿದರು.

ಕುಡಿದವರು ಮುಖ ಸಿಂಡರಿಸಿದರು. ಒಬ್ಬರಂತೂ ಅರೆದ ಇರುವೆ ರುಚಿ ಅಂದರಂತೆ. ತಪ್ಪೇನೂ ಇಲ್ಲ. ಹತ್ತಿಪ್ಪತ್ತು ವರ್ಷ ಇಡಬೇಕಾದ ವೈನು, ಎಳೆಯದರಲ್ಲೇ ಒಗರು ಹೊಡೆಯುತ್ತದೆ. 1957ರಲ್ಲಿ ಆಡಳಿತ ಮಂಡಳಿ ನಿಲ್ಲಿಸು ಅಂದಿತು. ಶೂಬರ್ಟ್ ಹೂಂ ಅಂದು, ಸುಮ್ನೆ ಮುಂದುವರಿಸಿದರು! 1957, 58, 59, ಮೂರು ವರ್ಷದ ಸುಗ್ಗಿಯನ್ನು ಕದ್ದುಮುಚ್ಚಿ ಮಾಡಿ ಮ್ಯಾಗಿಲ್‌ನ ನೆಲಮಾಳಿಗೆಯಲ್ಲಿ ಬಚ್ಚಿಟ್ಟರು. ಹೊಸ ಪೀಪಾಯಿಗೆ ದುಡ್ಡಿಲ್ಲ, ಹಳೆಯವೇ ಗತಿ. ಅಷ್ಟರಲ್ಲಿ ಮೊದಲಿನ ಬಾಟಲಿಗಳು ಮಾಗಿದ್ದವು. ರುಚಿ ನೋಡಿದ ಮಂಡಳಿಯೇ 1960ರಲ್ಲಿ ಮತ್ತೆ ಶುರು ಮಾಡು ಅಂತು. 1955ರ ಗ್ರೇಂಜ್‌ಗೆ 1962ರಲ್ಲಿ ಸಿಡ್ನಿಯಲ್ಲಿ ಚಿನ್ನದ ಪದಕವೂ ಬಂತು.

ಆ ನೆಲಮಾಳಿಗೆಯ ಸುರಂಗಗಳನ್ನು ಟೂರ್‌ನಲ್ಲಿ ತೋರಿಸುತ್ತಾರೆ. ಹೊರಗೆ ನಲವತ್ತು ಡಿಗ್ರಿ ಬಿಸಿಲಿದ್ದರೂ ಒಳಗೆ ತಣ್ಣಗೆ. ಮಂದ ದೀಪ, ಒದ್ದೆ ಮರದ ವಾಸನೆ.

1951ರ ಗ್ರೇಂಜ್ ಮಾರಾಟಕ್ಕೇ ಬಂದಿರಲಿಲ್ಲ. ಶೂಬರ್ಟ್ ಬೇಕಾದವರಿಗೆ ಹಂಚಿಬಿಟ್ಟಿದ್ದರು. ಹಾಗೆ ಉಳಿದ ಬಾಟಲಿಗಳು ಈಗ ಹರಾಜಿನಲ್ಲಿ ಒಂದು ಲಕ್ಷ ಡಾಲರ್ ದಾಟಿವೆ. ಹೊಸ ಗ್ರೇಂಜ್ ಕೂಡ ನಮ್ಮ ಒಂದು ವಾರದ ಮನೆ ಬಾಡಿಗೆಗಿಂತ ಜಾಸ್ತಿ. ನಾವು ಕೌಂಟರಿನಲ್ಲಿ ಕಮ್ಮಿ ಬೆಲೆಯ ಶಿರಾಜ್ ಕೇಳುವವರು. ಕಾರು ಓಡಿಸುವವರು ಗುಟುಕನ್ನು ಬಾಯಲ್ಲಾಡಿಸಿ ಉಗಿಯಬೇಕು. ಅದಕ್ಕೆಂದೇ ಪಾತ್ರೆ ಇಟ್ಟಿರುತ್ತಾರೆ. ದುಡ್ಡು ಕೊಟ್ಟು ಉಗಿಯುವುದನ್ನು ನೋಡಿ ನಮ್ಮತ್ತೆಗೆ ನಗು ತಡೆಯಲಾಗಲಿಲ್ಲ.