ಮಂಗಳೂರಿಗೆ ಹೋಗುವವರು ಮೊದಲು ಹೊಳೆ ನೋಡಿ, ಆಮೇಲೆ ರೂಮ್ ನೋಡಿ

ಮಂಗಳೂರು ಕಡೆ ರೂಮ್ ಬುಕ್ ಮಾಡುವವರಿಗೆ ಮೊದಲ ಮಾತು. ಜಾಹೀರಾತಿನಲ್ಲಿ 'ಬೀಚ್‌ಗೆ 300 ಮೀಟರ್' ಎಂದು ಬರೆದಿದ್ದರೆ ತಕ್ಷಣ ದುಡ್ಡು ಕಟ್ಟಬೇಡಿ. ಅದು ಸುಳ್ಳು ಅಂತಲ್ಲ. ಅಳತೆ ಸರಿಯಾಗಿಯೇ ಇರುತ್ತದೆ. ಆದರೆ ಆ 300 ಮೀಟರ್‌ನಲ್ಲಿ ಒಂದು ಹೊಳೆ ಇರಬಹುದು.

ಸುರತ್ಕಲ್ ದಾಟಿ ಉಡುಪಿ ಕಡೆಗೆ ಹೋಗುವಾಗ ಸಿಗುವ ಒಂದು ಹೋಮ್‌ಸ್ಟೇಯಲ್ಲಿ ನಮಗೆ ಆಗಿದ್ದು ಇದೇ. ಬಾಲ್ಕನಿಯಲ್ಲಿ ನಿಂತರೆ ಎದುರಿಗೆ ಹೊಳೆ. ಹೊಳೆಯ ಆಚೆ ಸಣ್ಣ ಮರಳಿನ ಪಟ್ಟಿ, ಅದರ ಮೇಲೆ ತೆಂಗಿನ ಮರಗಳು. ಆ ಮರಗಳ ಹಿಂದೆ ಸಮುದ್ರ. ಸದ್ದು ಚೆನ್ನಾಗಿ ಕೇಳುತ್ತದೆ, ಹೋಗಲು ಮಾತ್ರ ಆಗುವುದಿಲ್ಲ. ಕೇಳಿದರೆ 'ದೋಣಿ ಇದೆ ಸಾರ್, ಸಂಜೆ ಬರ್ತಾರೆ' ಎಂದರು. ದೋಣಿಯವನು ಆ ಸಂಜೆಯೂ ಬರಲಿಲ್ಲ, ಮರುದಿನವೂ ಬರಲಿಲ್ಲ. ರಸ್ತೆಯಲ್ಲಿ ಹೋಗಬೇಕೆಂದರೆ ಮತ್ತೆ ಹೈವೇಗೆ ಬಂದು, ಸೇತುವೆ ದಾಟಿ, ಸುತ್ತಿಕೊಂಡು ಹೋಗಬೇಕು. ಆಟೋದವರು ಹೋಗಿ ಬರಲು, ಜೊತೆಗೆ ಕಾಯಲು ದುಡ್ಡು ಕೇಳುತ್ತಾರೆ. ಅದು ಅವರ ತಪ್ಪಲ್ಲ, ಅಲ್ಲಿಂದ ವಾಪಸ್ ಬರಲು ಅವರಿಗೆ ಬೇರೆ ಗಿರಾಕಿ ಸಿಗುವುದಿಲ್ಲ.

ಶನಿವಾರ ಎಂಬ ಕಾರಣಕ್ಕೆ ಒಂದು ರಾತ್ರಿಗೆ 4,500 ರೂಪಾಯಿ ತೆಗೆದುಕೊಂಡರು. ಬೆಳಗ್ಗೆ ತಿಂಡಿಗೆ ಬ್ರೆಡ್ಡು, ಜಾಮು! ನೀರುದೋಸೆಯ ಊರಿಗೆ ಬಂದು ಬ್ರೆಡ್ ತಿನ್ನುವುದಾ? ಹೊಳೆಯ ವಿಷಯ ನಾನು ಮರೆತೇನು, ಈ ಜಾಮ್ ಮರೆಯುವುದಿಲ್ಲ.

ಇದು ಆ ಒಂದು ಮನೆಯ ಕಥೆಯಲ್ಲ, ಈ ಕರಾವಳಿ ಇರುವುದೇ ಹಾಗೆ. ಘಟ್ಟದಿಂದ ಇಳಿದು ಬರುವ ಹಲವು ಹೊಳೆಗಳು ಸೀದಾ ಸಮುದ್ರಕ್ಕೆ ಬೀಳುವುದಿಲ್ಲ. ದಡದ ಹತ್ತಿರ ತಿರುಗಿ, ಸಮುದ್ರದ ಪಕ್ಕದಲ್ಲೇ ಸ್ವಲ್ಪ ದೂರ ಹರಿದು, ಆಮೇಲೆ ಅಳಿವೆಯಲ್ಲಿ ಸೇರುತ್ತವೆ. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ಹೊಳೆಗಳು ಹೀಗೆ ಬಂದು ಸೇರುತ್ತವೆ. ಮಂಗಳೂರಿನ ತಣ್ಣೀರುಬಾವಿ, ಬೆಂಗ್ರೆ ಎರಡೂ ಫಲ್ಗುಣಿ ಹೊಳೆ ಮತ್ತು ಸಮುದ್ರದ ನಡುವೆ ಇರುವ ಉದ್ದನೆಯ ಮರಳಿನ ಪಟ್ಟಿಯ ಮೇಲಿವೆ. ಅದಕ್ಕೇ ಹೇಳುವುದು, ಮ್ಯಾಪ್‌ನಲ್ಲಿ ಸ್ಯಾಟಲೈಟ್ ಚಿತ್ರ ಹಾಕಿಕೊಂಡು ರೂಮಿಗೂ ಮರಳಿಗೂ ನಡುವೆ ನೀರು ಇದೆಯಾ ನೋಡಿ. ಇದ್ದರೆ ಸೇತುವೆ ಎಲ್ಲಿದೆ ಎಂದು ಹುಡುಕಿ. ಎರಡು ನಿಮಿಷದ ಕೆಲಸ.

ನನ್ನನ್ನು ಕೇಳಿದರೆ ಬೀಚ್ ಪಕ್ಕ ಉಳಿಯುವುದೇ ಬೇಡ. ಊರ ನಡುವಿನ ಹಂಪನಕಟ್ಟೆ ಅಥವಾ ಸ್ಟೇಟ್ ಬ್ಯಾಂಕ್ (ಸಿಟಿ ಬಸ್ ನಿಲ್ದಾಣ ಇರುವ ಜಾಗಕ್ಕೆ ಅಲ್ಲಿ ಹಾಗೆನ್ನುತ್ತಾರೆ) ಸುತ್ತಮುತ್ತ ಸಾದಾ ಲಾಡ್ಜ್ ಹಿಡಿಯಿರಿ. ನಾವು ಆಮೇಲೆ ಹಾಗೇ ಮಾಡಿದೆವು. ಬೀಚ್ ರೂಮಿನ ಮೂರನೇ ಒಂದು ಪಾಲು ದುಡ್ಡಿಗೆ ಸ್ವಚ್ಛವಾದ ರೂಮ್ ಸಿಕ್ಕಿತು. ಗದ್ದಲ ಇದೆ, ಹಾರ್ನ್ ಇದೆ. ಆದರೆ ಕೆಳಗೆ ಇಳಿದರೆ ಬಸ್ಸು.

ಬಸ್ಸಿನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸ್ಟೇಟ್ ಬ್ಯಾಂಕ್‌ನಿಂದ ಉಡುಪಿ ಕಡೆಗೆ ಖಾಸಗಿ ಎಕ್ಸ್‌ಪ್ರೆಸ್ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಉಡುಪಿ ಎಲ್ಲವೂ ಒಂದೇ ಸಾಲಿನಲ್ಲಿ ಹೈವೇ ಮೇಲೇ ಇವೆ. ಮುಂಗಡ ಬುಕಿಂಗ್ ಬೇಡ, ವೇಳಾಪಟ್ಟಿ ಬೇಡ. ಕಂಡಕ್ಟರ್ ಊರಿನ ಹೆಸರು ಕೂಗುತ್ತಿರುತ್ತಾನೆ, ಹತ್ತಿ ಕೂತರಾಯಿತು. ಓಡಿಸುವ ರಭಸಕ್ಕೆ ಮೊದಲ ಸಲ ಹತ್ತುವವರ ಜೀವ ಹೌಹಾರುವುದು ನಿಜ. ಹಿಂದಿನ ಬಸ್ಸಿಗೂ ಮುಂದಿನ ಬಸ್ಸಿಗೂ ಟೈಮಿಂಗ್ ಜಗಳ ನಡೆದೇ ಇರುತ್ತದೆ. ನನಗೆ ಅದರಿಂದ ತೊಂದರೆ ಅನ್ನಿಸಲಿಲ್ಲ, ನಿಂತುಕೊಂಡು ಹೋಗುವುದೂ ಅಭ್ಯಾಸ ಇದೆ. ನಿಮಗೆ ಆಗುವುದಿಲ್ಲ ಎಂದರೆ ಎಕ್ಸ್‌ಪ್ರೆಸ್ ಬಿಟ್ಟು ಸರ್ವಿಸ್ ಬಸ್ ಹತ್ತಿ. ಎಲ್ಲ ಕಡೆ ನಿಲ್ಲಿಸುತ್ತಾ ನಿಧಾನವಾಗಿ ಹೋಗುತ್ತದೆ. ಸಣ್ಣ ಸ್ಟಾಪ್‌ನಲ್ಲಿ ಇಳಿಯುವವರಿಗೂ ಅದೇ ಸರಿ. ಸಸಿಹಿತ್ಲುಗೆ ಹೋಗುವವರು ಹಳೆಯಂಗಡಿಯಲ್ಲಿ ಇಳಿದು ಆಟೋ ಮಾಡಿ. ರಾತ್ರಿ ಎಂಟರ ಮೇಲೆ ಬಸ್ಸು ಕಡಿಮೆಯಾಗುತ್ತವೆ, ಬೀಚ್‌ನಲ್ಲಿ ಕತ್ತಲಾಗುವವರೆಗೆ ಕೂರುವವರು ನೆನಪಿಡಿ.

ಹೆಂಗಸರಿಗೆ ಇನ್ನೊಂದು ವಿಷಯ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮಂಗಳೂರಿನಲ್ಲಿ ಸಿಟಿ ಬಸ್ ಎಂದರೆ ಹೆಚ್ಚಿನವು ಖಾಸಗಿಯವು. ನಮ್ಮ ಅಮ್ಮ ಅಭ್ಯಾಸ ಬಲದಿಂದ ಆಧಾರ್ ಕಾರ್ಡ್ ತೆಗೆದು ತೋರಿಸಿದರು. ಕಂಡಕ್ಟರ್ 'ಇಲ್ಲಿ ಅದು ನಡೆಯುವುದಿಲ್ಲ ಅಮ್ಮಾ' ಎಂದು ನಗುತ್ತಲೇ ಟಿಕೆಟ್ ಹರಿದ. ದರ ಹೊರೆ ಏನಲ್ಲ, ಆದರೆ ಚಿಲ್ಲರೆ ಇಟ್ಟುಕೊಂಡಿರಿ.

ಕೆಟ್ಟ ಬಸ್ಸು ಸಿಕ್ಕಿದ್ದು ಬೆಂಗಳೂರಿಂದ ಬರುವಾಗ. ಖಾಸಗಿ ಸ್ಲೀಪರ್, ಸಿಕ್ಕಿದ್ದು ಹಿಂದಿನ ಚಕ್ರದ ಮೇಲಿನ ಬರ್ತ್. ಶಿರಾಡಿ ಘಾಟಿಯ ತಿರುವುಗಳಲ್ಲಿ ಒಮ್ಮೆ ಈ ಗೋಡೆಗೆ, ಒಮ್ಮೆ ಆ ಗೋಡೆಗೆ ಹೋಗಿ ಬಿದ್ದೆ. ಅದನ್ನೂ ಸಹಿಸಿಕೊಳ್ಳಬಹುದಿತ್ತು. ಟಿಕೆಟ್‌ನಲ್ಲಿ ಹಂಪನಕಟ್ಟೆ ಎಂದು ಬರೆದಿತ್ತು. ಬೆಳಗಿನ ಜಾವ ನಾಲ್ಕೂವರೆಗೆ ಪಂಪ್‌ವೆಲ್‌ನಲ್ಲಿ 'ಮಂಗಳೂರು ಇಳೀರಿ, ಇಳೀರಿ' ಎಂದು ಇಳಿಸಿ, ಬಸ್ಸು ಹೈವೇಯಲ್ಲೇ ಉಡುಪಿ ಕಡೆ ಹೊರಟುಹೋಯಿತು. ಊರೊಳಗೆ ಹೋಗಲು ಆ ಹೊತ್ತಿನಲ್ಲಿ ಇದ್ದದ್ದು ಎರಡೇ ಆಟೋ. ಅವರು ಹೇಳಿದ್ದೇ ದರ. ಉಡುಪಿ, ಕುಂದಾಪುರದವರೆಗೆ ಹೋಗುವ ಬಸ್ಸುಗಳು ಊರೊಳಗೆ ಬರದೆ ಹೀಗೆ ಹೊರಗಿಂದಲೇ ಹೋಗುವುದು ಹೆಚ್ಚು. ಮಂಗಳೂರೇ ಕೊನೆಯ ನಿಲ್ದಾಣವಾಗಿರುವ ಬಸ್ಸು ನೋಡಿ ಟಿಕೆಟ್ ಮಾಡಿ. ಸರ್ಕಾರಿ ಬಸ್ಸಾದರೆ ಬಿಜೈ ನಿಲ್ದಾಣಕ್ಕೆ ಬರುತ್ತದೆ. ಅಲ್ಲಿ ಬೆಳಕು ಇದೆ, ಬೆಂಚು ಇದೆ, ಚಹಾ ಇದೆ.

ಈಗ ಊಟ. ಹಳೇ ಬಂದರಿನ ಕಡೆ, ಮೀನಿನ ದಕ್ಕೆಗೆ ಹೋಗುವ ದಾರಿಯಲ್ಲಿ ಸಣ್ಣ ಸಣ್ಣ ಊಟದ ಹೋಟೆಲ್‌ಗಳಿವೆ. ನಾವು ಹೋದದ್ದರ ಬೋರ್ಡ್ ಬಣ್ಣ ಹೋಗಿ ಹೆಸರು ಓದಲೂ ಆಗುತ್ತಿರಲಿಲ್ಲ. ಲಾರಿಗೆ ಲೋಡ್ ಮಾಡುವವರು, ಬ್ಯಾಂಕಿನ ಗುಮಾಸ್ತರು, ದೋಣಿಯವರು ಎಲ್ಲ ಒಂದೇ ಬೆಂಚಿನಲ್ಲಿ ಕೂತಿದ್ದರು. ಮೀನಿನ ಊಟಕ್ಕೆ 100 ರೂಪಾಯಿ. ಬಾಳೆ ಎಲೆಯ ಮೇಲೆ ದಪ್ಪ ಕುಚ್ಚಲಕ್ಕಿ ಅನ್ನ, ತೊಂಡೆಕಾಯಿ ಪಲ್ಯ, ಉಪ್ಪಿನಕಾಯಿ, ಮೀನಿನ ಸಾರು. ಸಾರು ಎಂದರೆ ತೆಳ್ಳಗಿನ ನೀರಲ್ಲ. ಬ್ಯಾಡಗಿ ಮೆಣಸು, ತೆಂಗಿನಕಾಯಿ ನುಣ್ಣಗೆ ರುಬ್ಬಿ, ಹುಣಸೆ ಹುಳಿ ಹಾಕಿ ಕುದಿಸಿದ್ದು. ಕೇಳಿದಷ್ಟು ಸಲ ಬಡಿಸಿದರು. ನಾನು ಕೇಳುವುದನ್ನು ನಿಲ್ಲಿಸಿದ ಮೇಲೂ ಬಡಿಸಿದರು. ಆಮೇಲೆ ಮಸಾಲೆ ಹಚ್ಚಿದ ಹಸಿ ಮೀನಿನ ತಟ್ಟೆ ತಂದು ಎದುರಿಗೆ ಹಿಡಿಯುತ್ತಾರೆ. ಬೇಕಾದ್ದನ್ನು ತೋರಿಸಿದರೆ ಕಾವಲಿಯಲ್ಲಿ ಹುರಿದು ತರುತ್ತಾರೆ.

ಇಲ್ಲಿ ಒಂದು ಜಾಣತನ ಬೇಕು. ಅಂಜಲ್, ಕಾಣೆ, ಮಾಂಜಿ ಇವೆಲ್ಲ ದುಬಾರಿ, ಅದೂ ಮೀನಿನ ಗಾತ್ರದ ಮೇಲೆ ದರ. ಹುರಿಯುವ ಮೊದಲೇ ರೇಟ್ ಕೇಳಿ. ಹೊರಗಿನವರು ಎಲ್ಲರೂ ಅಂಜಲ್ ಕೇಳುತ್ತಾರೆ. ಬೂತಾಯಿ ಕೇಳಿ ನೋಡಿ. ಸಣ್ಣ ಮೀನು, ಮುಳ್ಳು ಜಾಸ್ತಿ, ರುಚಿಯಲ್ಲಿ ಅಂಜಲ್‌ಗಿಂತ ಒಂದು ಕೈ ಮೇಲು. ದರ ಕೇಳಿದರೆ ನಗು ಬರುತ್ತದೆ. ಬಂಗುಡೆಯೂ ಅಷ್ಟೇ. ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಹೋಗಿ, ಎರಡೂವರೆಗೆ ಪಾತ್ರೆ ತಳ ಕಾಣುತ್ತದೆ. ಭಾನುವಾರ ಇಂಥವು ಹೆಚ್ಚಾಗಿ ಮುಚ್ಚಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗ ತಾಜಾ ಮೀನು ಕಡಿಮೆ, ದರ ಮೇಲೆ. ಬರೀ ಮೀನಿಗಾಗಿ ಬರುವವರು ಆ ಎರಡು ತಿಂಗಳು ಬಿಡಿ.

ಅಮ್ಮ ಮೀನು ಮುಟ್ಟುವುದಿಲ್ಲ. ಅವರು ಬನ್ಸ್ ಮತ್ತು ಗೋಳಿಬಜೆಯಲ್ಲೇ ಮಂಗಳೂರು ಮುಗಿಸಿದರು, ದೂರು ಏನೂ ಇಲ್ಲ.

ಬೀಚ್‌ಗಳಲ್ಲಿ ಪಣಂಬೂರು ನನಗೆ ಹಿಡಿಸಲಿಲ್ಲ. ಬಸ್ಸಿನ ನೂಕುನುಗ್ಗಲು ಪರವಾಗಿಲ್ಲ, ಸಮುದ್ರದ ಮುಂದೆ ನೂಕುನುಗ್ಗಲು ಆಗುವುದಿಲ್ಲ. ಭಾನುವಾರ ಸಂಜೆ ಅಲ್ಲಿ ಒಂಟೆ, ಜೆಟ್‌ಸ್ಕಿ, ಚುರುಮುರಿ ಗಾಡಿ, ಎಲ್ಲದರ ಮೇಲೆ ಸ್ಪೀಕರ್. ಮಕ್ಕಳು ಜೊತೆಗಿದ್ದರೆ ಮಾತ್ರ ಹೋಗಿ, ನೀರಿನ ಹತ್ತಿರ ಜೀವರಕ್ಷಕರು ಇರುತ್ತಾರೆ.

ನನ್ನ ಮತ ತಣ್ಣೀರುಬಾವಿಗೆ. ಹೋಗುವುದಾದರೆ ಸುಲ್ತಾನ್ ಬತ್ತೇರಿಯಿಂದ ಹೋಗಿ. ಟಿಪ್ಪು ಕಟ್ಟಿಸಿದ ಕರಿಕಲ್ಲಿನ ಕಾವಲು ಗೋಪುರ ಅದು, ಹತ್ತಿ ಇಳಿಯಲು ಹತ್ತು ನಿಮಿಷ ಸಾಕು. ಪಕ್ಕದಲ್ಲೇ ಕಡವು. ದೋಣಿ ಹತ್ತಿದರೆ ಕೆಲವೇ ನಿಮಿಷದಲ್ಲಿ ಆಚೆ ದಡ, ಅಲ್ಲಿಂದ ನಡೆದರೆ ಬೀಚ್. ಅದೇ ಜಾಗಕ್ಕೆ ಕಾರಿನಲ್ಲಿ ಹೋಗುವವರು ಕೂಳೂರು ಸೇತುವೆಯವರೆಗೆ ಹೋಗಿ ಸುತ್ತಿ ಬರಬೇಕು, ಅದೂ ಲಾರಿಗಳ ಸಾಲಿನ ಮಧ್ಯೆ. ಜೋರು ಮಳೆಯಲ್ಲಿ ದೋಣಿ ನಿಲ್ಲಿಸುತ್ತಾರೆ, ಸಂಜೆ ಕೊನೆಯ ದೋಣಿ ಎಷ್ಟಕ್ಕೆ ಎಂದು ಇಳಿಯುವಾಗಲೇ ಕೇಳಿಕೊಳ್ಳಿ.

ಸೋಮೇಶ್ವರದಲ್ಲಿ ಬಂಡೆ ಮೇಲೆ ಕೂತು ನೋಡಿ, ನೀರಿಗೆ ಇಳಿಯಬೇಡಿ. ಅಲ್ಲಿನ ಸೆಳೆತ ಕೆಟ್ಟದ್ದು. ಕಾಪು ದೀಪಸ್ತಂಭ 1901ರದ್ದು. ಮೇಲೆ ಹತ್ತಲು ಬಿಡುವುದು ಸಂಜೆ ಸ್ವಲ್ಪ ಹೊತ್ತು ಮಾತ್ರ, ಬೆಳಗ್ಗೆ ಹೋದವರು ಕೆಳಗಿನಿಂದ ಫೋಟೋ ತೆಗೆದುಕೊಂಡು ಬರುತ್ತಾರೆ.

ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಲೇಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಕಲ್ಲು ನೋಡುವ ಆಸಕ್ತಿ ಇದ್ದರೆ ಹೋಗಿ. ಸುಮಾರು 8.8 ಕೋಟಿ ವರ್ಷ ಹಿಂದೆ ಲಾವಾ ತಣ್ಣಗಾಗುವಾಗ ಸೀಳಿ ನಿಂತ ಕಂಬಗಳು ಅಲ್ಲಿವೆ. ಬರೀ ಬೀಚ್ ಬೇಕೆಂದರೆ ಮಲ್ಪೆ ದಡವೇ ಸಾಕು. ಜನ ತುಂಬುವವರೆಗೆ ಬೋಟ್ ಹೊರಡುವುದಿಲ್ಲ, ಬಿಸಿಲಲ್ಲಿ ಕಾಯಬೇಕು. ದ್ವೀಪದಲ್ಲಿ ಚೂಪಾದ ಚಿಪ್ಪುಗಳು ಜಾಸ್ತಿ, ಬರಿಗಾಲಿನಲ್ಲಿ ನಡೆಯಬೇಡಿ. ಮಳೆಗಾಲ ಪೂರ್ತಿ ಬೋಟ್ ಬಂದ್.

ಸೆಕೆಯ ಬಗ್ಗೆ ಬಯಲುಸೀಮೆಯವರಿಗೆ ಒಂದು ಮಾತು. ಮಾರ್ಚ್‌ನಿಂದ ಮೇವರೆಗೆ ಬಂದರೆ ಮಧ್ಯಾಹ್ನ ಸುಮ್ನೆ ಒಳಗೆ ಇರಿ. ಸೇಂಟ್ ಅಲೋಶಿಯಸ್ ಕಾಲೇಜಿನ ಚಾಪೆಲ್ ಅದಕ್ಕೆ ಒಳ್ಳೆಯ ಜಾಗ. ಇಟಲಿಯ ಆಂಟೋನಿಯೊ ಮೊಸ್ಕೇನಿ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹಿಂದೆ ಗೋಡೆ, ಚಾವಣಿ ಬಿಡದೆ ಬಿಡಿಸಿದ ಚಿತ್ರಗಳಿವೆ, ಒಳಗೆ ತಂಪಾಗಿಯೂ ಇದೆ.

ವಾಪಸ್ ಬರಲು ರೈಲು ಒಳ್ಳೆಯದು. ಹಗಲು ರೈಲಾದರೆ ಸುಬ್ರಹ್ಮಣ್ಯ ರೋಡ್‌ನಿಂದ ಸಕಲೇಶಪುರದವರೆಗಿನ ಘಾಟಿ ನೋಡಬಹುದು. ಮಳೆಗಾಲದಲ್ಲಿ ಗುಡ್ಡ ಕುಸಿದು ರದ್ದಾಗುವುದುಂಟು, ಹಿಂದಿನ ದಿನವೇ ವಿಚಾರಿಸಿ. ಮಂಗಳೂರಿಗೆ ಎರಡು ಸ್ಟೇಷನ್: ಊರೊಳಗಿನ ಸೆಂಟ್ರಲ್, ಪಡೀಲ್ ಕಡೆಯ ಜಂಕ್ಷನ್. ಯಶವಂತಪುರದ ಹಗಲು ರೈಲು ಹೊರಡುವುದು ಜಂಕ್ಷನ್‌ನಿಂದ. ಟಿಕೆಟ್‌ನಲ್ಲಿ ಯಾವುದು ಬರೆದಿದೆ ಎಂದು ಓದಿಕೊಂಡೇ ಆಟೋ ಹತ್ತಿ. ಬೆಳಗ್ಗೆ ಕಂಕನಾಡಿ ದಾಟಲು ಟ್ರಾಫಿಕ್ ಇರುತ್ತದೆ, ಅರ್ಧ ಗಂಟೆ ಮೊದಲೇ ಹೊರಡಿ.