ಇಷ್ಟೆಲ್ಲ ಡೀಟೇಲ್ ಹಾಕಿದರೂ ಮುಖ ಯಾಕೆ ಹೋಲುವುದಿಲ್ಲ?

"ಚರ್ಮದ ರಂಧ್ರಗಳನ್ನೂ ಕೆತ್ತಿದ್ದೇನೆ, ಸುಕ್ಕುಗಳೂ ಇವೆ. ಆದರೂ ಅವರ ಥರ ಕಾಣ್ತಾ ಇಲ್ಲ. ಯಾಕೆ?" ಕಂಪ್ಯೂಟರ್‌ನಲ್ಲಿ 3ಡಿ ಆಕಾರ ಕೆತ್ತುವ ಸಾಫ್ಟ್‌ವೇರ್‌ಗಳಾದ ಝೀಬ್ರಷ್‌ನಲ್ಲೋ ಬ್ಲೆಂಡರ್‌ನಲ್ಲೋ ಒಬ್ಬರ ಮುಖ ಮಾಡಲು ಕೂತವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು.

ನಾನು ಮೊದಲು ತಿರುಗಿ ಕೇಳುವುದು ಇಷ್ಟೇ: ನೀವು ನೋಡಿಕೊಂಡು ಕೆತ್ತುತ್ತಿರುವ ಫೋಟೊ ಎಷ್ಟು ದೂರದಿಂದ ತೆಗೆದದ್ದು?

ಮೂಗಿನ ತುದಿಗಿಂತ ಕಿವಿ ಸುಮಾರು 12 ಸೆಂ.ಮೀ. ಹಿಂದೆ ಇರುತ್ತದೆ ಅಂದುಕೊಳ್ಳಿ. ಕೈಯಲ್ಲಿ ಫೋನ್ ಹಿಡಿದು ಮೂಗಿನಿಂದ 40 ಸೆಂ.ಮೀ. ದೂರದಲ್ಲಿ ಸೆಲ್ಫಿ ತೆಗೆದರೆ ಕಿವಿ 52 ಸೆಂ.ಮೀ. ದೂರದಲ್ಲಿರುತ್ತದೆ. ಮೂಗಿಗೆ ಹೋಲಿಸಿದರೆ ಕಿವಿ ಸುಮಾರು ಶೇ. 23ರಷ್ಟು ಚಿಕ್ಕದಾಗಿ ಕಾಣುತ್ತದೆ. ಅದೇ ಮುಖವನ್ನು 3 ಮೀಟರ್ ದೂರದಿಂದ ತೆಗೆದರೆ ಈ ವ್ಯತ್ಯಾಸ ಶೇ. 4ರಷ್ಟು ಮಾತ್ರ. ಒಬ್ಬರದೇ ಮುಖ, ಆದರೆ ಎರಡು ಬೇರೆ ಆಕಾರ. ಇದಕ್ಕೆ ಲೆನ್ಸ್ ಕಾರಣ ಅಂತ ತುಂಬಾ ಜನ ನಂಬಿದ್ದಾರೆ. ನಿಜವಾಗಿ ಕಾರಣ ದೂರ. ದೂರದ್ದನ್ನು ಹತ್ತಿರ ತೋರಿಸುವ 85 ಎಂ.ಎಂ. ಲೆನ್ಸ್‌ನಲ್ಲಿ ಮುಖ ಚೆನ್ನಾಗಿ ಬರುವುದು, ಅದನ್ನು ಹಾಕಿಕೊಂಡವರು ದೂರ ನಿಲ್ಲಲೇಬೇಕಾಗುತ್ತದೆ ಅನ್ನುವುದಕ್ಕೆ.

ಈಗ ಸಾಫ್ಟ್‌ವೇರ್‌ನಲ್ಲಿ ಪರ್ಸ್ಪೆಕ್ಟಿವ್ (ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ ತೋರಿಸುವ ಸೆಟ್ಟಿಂಗ್) ಆಫ್ ಮಾಡಿ, ಪಕ್ಕದಲ್ಲಿ ಸೆಲ್ಫಿ ಇಟ್ಟುಕೊಂಡು ಕೆತ್ತಿದರೆ ಏನಾಗುತ್ತದೆ? ಫೋಟೊಗೆ ಸರಿಹೊಂದಿಸಲು ಮೂಗನ್ನು ಅಗಲ ಮಾಡುತ್ತೀರಿ, ದವಡೆಯನ್ನು ಕಿರಿದು ಮಾಡುತ್ತೀರಿ. ಎದುರಿನಿಂದ ಸರಿಯಿದೆ ಅನ್ನಿಸುತ್ತದೆ. ಸ್ವಲ್ಪ ತಿರುಗಿಸಿದರೆ ಬೇರೆ ಯಾರೋ! ಆದ್ದರಿಂದ ದೂರದಿಂದ ತೆಗೆದ ಫೋಟೊಗಳನ್ನು ಹುಡುಕಿ. ಸಿಗದಿದ್ದರೆ, ಆ ಫೋಟೊ ತೆಗೆದ ದೂರವನ್ನು ಅಂದಾಜು ಮಾಡಿ, ಪರ್ಸ್ಪೆಕ್ಟಿವ್ ಆನ್ ಮಾಡಿ, ಸಾಫ್ಟ್‌ವೇರ್‌ನೊಳಗಿನ ಕ್ಯಾಮೆರಾವನ್ನೂ ಅಷ್ಟೇ ದೂರ ಇಡಿ. ಕಿವಿ ಎಷ್ಟು ಕಾಣುತ್ತಿದೆ ಅನ್ನುವುದು ಒಳ್ಳೆಯ ಸುಳಿವು.

ಕ್ಯಾಮೆರಾ ಸರಿಯಾದ ಮೇಲೂ ಹೋಲಿಕೆ ಬರದಿದ್ದರೆ, ಚರ್ಮ ಬಿಟ್ಟು ಅದರ ಕೆಳಗೆ ನೋಡಬೇಕು. ಪರಿಚಯದವರು ದೂರದಲ್ಲಿ ನಡೆದು ಬರುವಾಗಲೇ ಗುರುತು ಸಿಗುತ್ತದೆ ಅಲ್ವಾ? ಅಷ್ಟು ದೂರಕ್ಕೆ ಚರ್ಮದ ರಂಧ್ರ ಯಾರಿಗೂ ಕಾಣುವುದಿಲ್ಲ.

ಇದು ನನಗೆ ಅರ್ಥವಾದದ್ದು ಅಜ್ಜಿಯ ಮುಖ ಮಾಡುವಾಗ. ಅವರು ತೀರಿಕೊಂಡ ಮೇಲೆ ಶುರು ಮಾಡಿದ ಕೆಲಸ ಅದು. ಎರಡು ವಾರ ಬರೀ ಸುಕ್ಕು ಕೆತ್ತಿದೆ. ಅಮ್ಮನಿಗೆ ತೋರಿಸಿದರೆ, "ಯಾರಿದು?" ಅಂದರು. ಸಬ್‌ಡಿವಿಷನ್ (ಎಷ್ಟು ಸೂಕ್ಷ್ಮ ವಿವರ ಕಾಣಬೇಕು ಅನ್ನುವ ಮಟ್ಟ) ಪೂರ್ತಿ ಇಳಿಸಿ, ಬೂದು ಜೇಡಿಮಣ್ಣಿನ ಮುದ್ದೆಯ ಹಾಗೆ ಮಾಡಿಕೊಂಡು ನೋಡಿದೆ. ತಪ್ಪು ಆಗ ಕಾಣಿಸಿತು. ಅಜ್ಜಿಗೆ ಹಲ್ಲು ಇರಲಿಲ್ಲ. ಹಲ್ಲು ಹೋದ ಮೇಲೆ ದವಡೆಯ ಮೂಳೆ ಸವೆಯುತ್ತದೆ, ತುಟಿ ಒಳಗೆ ಸರಿಯುತ್ತದೆ, ಗದ್ದ ಮೂಗಿನ ಹತ್ತಿರ ಬರುತ್ತದೆ. ನಾನು ಹಲ್ಲಿರುವ ಬಾಯಿಯ ಮೇಲೆ ಮುದುಕಿಯ ಚರ್ಮ ಹೊದಿಸಿದ್ದೆ. ಸುಕ್ಕನ್ನೆಲ್ಲ ಅಳಿಸಿ, ಆಕಾರವನ್ನು ಎಳೆದು ಸರಿಸುವ ದೊಡ್ಡ ಮೂವ್ ಬ್ರಷ್ ಹಿಡಿದು ಮುಖದ ಕೆಳಭಾಗವನ್ನು ಗಿಡ್ಡ ಮಾಡಿದೆ. ಅಮ್ಮ ಮತ್ತೆ ನೋಡಿದರು. "ಬಾಯಿ ಅವರದೇ. ಕಣ್ಣು ಅಲ್ಲ."

ಕಣ್ಣಿನ ವಿಷಯದಲ್ಲಿ ಹೆಚ್ಚಿನವರು ಗುಡ್ಡೆಯನ್ನೇ ದೊಡ್ಡದು ಚಿಕ್ಕದು ಮಾಡುತ್ತಾರೆ. ನಾನೂ ಮಾಡಿದ್ದೆ. ದೊಡ್ಡವರ ಕಣ್ಣುಗುಡ್ಡೆ ಸುಮಾರು 24 ಎಂ.ಎಂ., ಒಬ್ಬರಿಂದ ಇನ್ನೊಬ್ಬರಿಗೆ ಹೆಚ್ಚು ಬದಲಾಗುವುದಿಲ್ಲ. "ದೊಡ್ಡ ಕಣ್ಣು" ಅಂತ ನಾವು ಹೇಳುವುದು ರೆಪ್ಪೆ ಎಷ್ಟು ತೆರೆದಿದೆ, ಸುತ್ತಲಿನ ಮೂಳೆ ಎಷ್ಟು ಮುಂದಿದೆ ಅನ್ನುವುದನ್ನು ನೋಡಿ. ಹಾಗಾಗಿ ಮೊದಲು ಸರಿಯಾದ ಅಳತೆಯ ಗೋಳ ಇಡಿ, ಅದರ ಮೇಲೆ ರೆಪ್ಪೆ ಹೊದಿಸಿ. ರೆಪ್ಪೆಗೆ ದಪ್ಪ ಇದೆ, ಅದನ್ನು ಕಾಗದದ ಹಾಗೆ ಬಿಡಬೇಡಿ. ಸಾಮಾನ್ಯವಾಗಿ ಮೇಲಿನ ರೆಪ್ಪೆಯ ಅತಿ ಎತ್ತರದ ಜಾಗ ನಡುವಿನಿಂದ ಸ್ವಲ್ಪ ಮೂಗಿನ ಕಡೆಗೆ ಇರುತ್ತದೆ. ಕೆಳಗಿನ ರೆಪ್ಪೆಯ ಅತಿ ತಗ್ಗಿನ ಜಾಗ ಹೊರಗಿನ ಕಡೆಗೆ. ಬಾದಾಮಿಯ ಹಾಗೆ ಎರಡೂ ಕಡೆ ಸಮ ಮಾಡಿದರೆ ಅದು ಯಾರ ಕಣ್ಣೂ ಆಗುವುದಿಲ್ಲ.

ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗದಿದ್ದಾಗ ಫೋಟೊ, ಮಾಡೆಲ್ ಎರಡನ್ನೂ ತಲೆಕೆಳಗು ಮಾಡಿ. 1980ರಲ್ಲಿ ಪೀಟರ್ ಥಾಂಪ್ಸನ್ ಎಂಬ ಮನಶ್ಶಾಸ್ತ್ರಜ್ಞರು ಬ್ರಿಟನ್‌ನ ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಫೋಟೊದಲ್ಲಿ ಕಣ್ಣು, ಬಾಯಿಗಳನ್ನು ಮಾತ್ರ ತಲೆಕೆಳಗಾಗಿ ತಿರುಗಿಸಿ ಅಂಟಿಸಿ ತೋರಿಸಿದ್ದರು. ಫೋಟೊ ತಲೆಕೆಳಗಾಗಿದ್ದಾಗ ಅದು ಸುಮಾರಾಗಿ ಸರಿಯಾಗೇ ಕಾಣುತ್ತದೆ, ನೆಟ್ಟಗೆ ಮಾಡಿದರೆ ಬೆಚ್ಚಿಬೀಳುತ್ತೇವೆ. ಅಂದರೆ ತಲೆಕೆಳಗಾದ ಮುಖವನ್ನು ಮಿದುಳು ಒಟ್ಟಾರೆ ಒಂದು ಮುಖವಾಗಿ ಓದುವುದು ಕಷ್ಟ. ನಮಗೆ ಬೇಕಿರುವುದೂ ಅದೇ. "ಇದು ಮೂಗು" ಅನ್ನುವುದು ಮರೆತು, ಬರೀ ಉದ್ದ, ಅಗಲ, ಓರೆ ಕಣ್ಣಿಗೆ ಬೀಳುತ್ತವೆ.

ಅಜ್ಜಿಯ ಮುಖದಲ್ಲಿ ನನಗೆ ಕೊನೆಯ ಸುಳಿವು ಸಿಕ್ಕಿದ್ದೂ ಹಾಗೆಯೇ. ತಲೆಕೆಳಗಾದ ಫೋಟೊದಲ್ಲಿ ಎಡ ರೆಪ್ಪೆ ಬಲದ್ದಕ್ಕಿಂತ ಕೆಳಗಿಳಿದಿತ್ತು. ಇಷ್ಟು ವರ್ಷ ದಿನಾ ನೋಡಿದ ಮುಖ, ನಾನು ಗಮನಿಸಿಯೇ ಇರಲಿಲ್ಲ. ಫೋಟೊ ಕನ್ನಡಿಯ ಹಾಗೆ ಅದಲುಬದಲಾಗಿಲ್ಲ ಅಂತ ಬೈತಲೆ ನೋಡಿ ಖಚಿತ ಮಾಡಿಕೊಂಡೆ, ಒಂದು ಕಡೆ ಮಾಡಿದ್ದನ್ನು ಇನ್ನೊಂದು ಕಡೆಗೂ ಮಾಡುವ ಸಿಮೆಟ್ರಿ ಆಫ್ ಮಾಡಿದೆ, ಆ ಒಂದು ರೆಪ್ಪೆಯನ್ನು ಸ್ವಲ್ಪವೇ ಇಳಿಸಿದೆ. ಅಮ್ಮ ಈ ಸಲ ಏನೂ ಹೇಳಲಿಲ್ಲ, ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತರು. ಸುಕ್ಕುಗಳನ್ನು ಮತ್ತೆ ಕೆತ್ತಲು ಒಂದೇ ದಿನ ಸಾಕಾಯಿತು.