ನೆರಳಿನಲ್ಲಿ ಬೆಳೆಯುವ ಜರೀಗಿಡಗಳು

ಉಷ್ಣವಲಯದ ಕಾಡು ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ದೊಡ್ಡ ಮರ, ಬಣ್ಣದ ಹೂವು. ನನ್ನ ಕಣ್ಣು ಮೊದಲು ಹೋಗುವುದು ಜರೀಗಿಡಗಳ, ಅಂದರೆ ಫರ್ನ್‌ಗಳ ಮೇಲೆ. ಜಗತ್ತಿನಲ್ಲಿ ಸುಮಾರು 10,500 ಜಾತಿಯ ಫರ್ನ್‌ಗಳಿವೆ, ಹೆಚ್ಚಿನವು ಉಷ್ಣವಲಯದಲ್ಲೇ ಇವೆ, ಅದರಲ್ಲೂ ಮಂಜು ಕವಿಯುವ ಬೆಟ್ಟದ ಕಾಡುಗಳಲ್ಲಿ ಜಾಸ್ತಿ.

ಇವಕ್ಕೆ ಹೂವಿಲ್ಲ, ಬೀಜವಿಲ್ಲ. ಎಲೆಯ ಹಿಂಬದಿಯಲ್ಲಿ ಸಾಲಾಗಿ ಕಂದು ಚುಕ್ಕೆ ಇರುತ್ತವಲ್ಲ, ಅದು ರೋಗ ಅಲ್ಲ, ಬೀಜದ ಬದಲು ಹೊಸ ಗಿಡ ಹುಟ್ಟಿಸುವ ಬೀಜಕಗಳು (ಸ್ಪೋರ್) ಇರುವುದೇ ಅಲ್ಲಿ. ಧೂಳಿನಷ್ಟು ಸಣ್ಣ ಈ ಬೀಜಕಗಳು ಗಾಳಿಯಲ್ಲಿ ತೇಲಿ ಸಮುದ್ರ ದಾಟಿ ದೂರದ ದ್ವೀಪಗಳಲ್ಲೂ ಬೇರೂರುತ್ತವೆ.

ಮತ್ತೆ ರೂಪಗಳೋ, ಹೇಳಿ ಮುಗಿಯುವುದಿಲ್ಲ! ಮರಜರಿ ಹತ್ತು ಮೀಟರಿಗಿಂತ ಎತ್ತರ ಹೋಗುತ್ತದೆ. ಅದೇ ಕಾಡಿನ ಒದ್ದೆ ಬಂಡೆಯ ಮೇಲೆ, ಬೆಳಕು ಆಚೆ ಕಾಣುವಷ್ಟು ತೆಳುವಾದ, ಬಹುತೇಕ ಒಂದೇ ಜೀವಕೋಶದಷ್ಟು ದಪ್ಪದ ಎಲೆಯ ಪೊರೆಜರಿ ಇರುತ್ತದೆ. ತೇವ ಹೋದರೆ ಅದು ಬೇಗ ಮುದುಡುತ್ತದೆ. ಹಕ್ಕಿಗೂಡು ಜರಿ ಮರದ ಮೇಲೆ ಕೂತು ಉದುರಿದ ಎಲೆ ಹಿಡಿದಿಟ್ಟು ತನ್ನ ಗೊಬ್ಬರ ತಾನೇ ಮಾಡಿಕೊಳ್ಳುತ್ತದೆ, ಆ ಗೊಬ್ಬರದಲ್ಲಿ ಇರುವೆ, ಹುಳುಗಳ ಇಡೀ ಸಂಸಾರ.

ಆದರೆ ಫರ್ನ್ ಅಂದ ಮಾತ್ರಕ್ಕೆ ಎಲ್ಲ ಕಡೆಯೂ ಒಳ್ಳೆಯದೇ ಅಂತಲ್ಲ. ನೀರಿನ ಮೇಲೆ ತೇಲುವ, ಬ್ರೆಜಿಲ್ ಮೂಲದ ಸಾಲ್ವೀನಿಯಾ ಕೂಡ ಜರಿಯೇ, ಬೇರೆ ದೇಶಗಳ ಕೆರೆಗಳನ್ನು ಪೂರ್ತಿ ಮುಚ್ಚಿ ಅಲ್ಲಿನ ನೀರುಗಿಡಗಳಿಗೆ ಬೆಳಕೇ ಸಿಗದಂತೆ ಮಾಡಿದೆ. ಅದಕ್ಕೇ ಹೇಳುವುದು, ಫರ್ನ್ ಬೇಕು ಅನಿಸಿದರೆ ನರ್ಸರಿಯಲ್ಲಿ ಬೆಳೆಸಿದ ಸ್ಥಳೀಯ ಜಾತಿಯನ್ನೇ ಕೇಳಿ ತನ್ನಿ, ದಯವಿಟ್ಟು ಕಾಡಿನಿಂದ ಕೀಳಬೇಡಿ.